ಬಡವನ ಕೋಪ ದವಡೆಗೆ ಮೂಲವೇ?

(ದೇವಾಲಯದ ಶತಮಾನೋತ್ಸವದ ಅಂಗವಾಗಿ, ಶ್ರಮಿಕ ಸಂತ ಜೋಸೆಫರ ಹಬ್ಬದ ಸಂಜೆ ಧರ್ಮಕೇಂದ್ರದ ಸಭಾಂಗಣದಲ್ಲಿ ಗುರುಗಳು ನೀಡಿದ ಉಪನ್ಯಾಸದ ಬರಹರೂಪ)



ಶತಮಾನೋತ್ಸವವೆಂದರೆ ಹಿಂದಿನವರನ್ನು ನೆನೆಯುವ ಕಾಲ. ಈ ದೇವಾಲಯಕ್ಕಾಗಿ ಕಲ್ಲು ಹೊತ್ತವರನ್ನೂ ದುಡಿಮೆಯ ಒಂದು ಪಾಲನ್ನು ತೆಗೆದಿಟ್ಟವರನ್ನೂ ನನಗಿಂತ ಮುಂಚೆ ಮಾತನಾಡಿದವರು ಯೋಗ್ಯ ರೀತಿಯಲ್ಲಿ ಸ್ಮರಿಸಿದ್ದಾರೆ. ನನಗೆ ಒಪ್ಪಿಸಿರುವ ವಿಷಯ ಇಂದಿನವರಿಗೆ ಸಂಬಂಧಿಸಿದ್ದು. ಹಣವೂ ಅಧಿಕಾರವೂ ಇಲ್ಲದ ಜನರು ಒಂದುಗೂಡಿದಾಗ ತಮ್ಮೊಳಗಿನ ಮನಸ್ತಾಪವನ್ನು ಹೇಗೆ ಬಗೆಹರಿಸಿಕೊಳ್ಳಬೇಕು, ಹೊರಗಿನ ಬಲಿಷ್ಠರನ್ನು ಹೇಗೆ ಎದುರಿಸಬೇಕು ಎಂಬುದೇ ಆ ವಿಷಯ.

ನೂರು ವರ್ಷಗಳ ಹಿಂದೆ ಬೆಂಗಳೂರಿನ ಹೊರವಲಯವೆಂದರೆ ರಾಗಿ ಹೊಲ, ಕೆರೆ, ಮಾವಿನ ತೋಪು. 1882ರಲ್ಲಿ ಮೈಸೂರಿನ ಮಹಾರಾಜರು ಆಂಗ್ಲೋ ಇಂಡಿಯನ್ ಕುಟುಂಬಗಳ ಸಂಘಕ್ಕೆ ನೆಲ ಕೊಟ್ಟುದರಿಂದ ಬೆಳೆದ ವೈಟ್‌ಫೀಲ್ಡ್ ಬಹುಕಾಲ ಒಂದು ಸಣ್ಣ ಹಳ್ಳಿಯಾಗಿಯೇ ಇತ್ತು. 1970ರ ದಶಕದಲ್ಲಿ ಪೀಣ್ಯದಲ್ಲಿ ಕೈಗಾರಿಕಾ ಪ್ರದೇಶವೂ ದಕ್ಷಿಣದಲ್ಲಿ ಎಲೆಕ್ಟ್ರಾನಿಕ್ ಸಿಟಿಯೂ ತಲೆಯೆತ್ತಿದವು. ಈ ಮೂರು ಸೀಮೆಗಳ ನಡುವೆ ಇಂದು ಲಕ್ಷಾಂತರ ಜನ ದುಡಿಯುತ್ತಿದ್ದಾರೆ. ಗಾರ್ಮೆಂಟ್ಸ್ ಕಾರ್ಖಾನೆಯ ಟೈಲರ್, ಗುತ್ತಿಗೆಯ ಮೇಲೆ ಲೇತ್ ನಡೆಸುವ ಹುಡುಗ, ಗಾಜಿನ ಕಟ್ಟಡದ ನೆಲ ಒರೆಸುವ ತಾಯಿ, ಅದರ ಬಾಗಿಲಲ್ಲಿ ನಿಂತ ಕಾವಲುಗಾರ ಇವರೆಲ್ಲರೂ ಈ ಸಭೆಯಲ್ಲಿಯೇ ಇದ್ದೀರಿ.

ನಮ್ಮ ಹಿರಿಯರು ಒಂದು ಗಾದೆ ಹೇಳುತ್ತಿದ್ದರು: ಬಡವನ ಕೋಪ ದವಡೆಗೆ ಮೂಲ. ಬಡವನು ಸಿಟ್ಟಾದರೆ ಪೆಟ್ಟು ತಿನ್ನುವುದು ಅವನದೇ ಕೆನ್ನೆ ಎಂದು ಅದರ ಅರ್ಥ. ಇದು ನಿಜವೇ? ಒಬ್ಬಂಟಿಗನ ಮಟ್ಟಿಗೆ ಬಹುತೇಕ ನಿಜ. ಆದರೆ ಒಂದುಗೂಡಿದ ಬಡವರ ಮಟ್ಟಿಗೆ ನಿಜವೋ ಅಲ್ಲವೋ ಎಂಬುದನ್ನು ನಮ್ಮ ಕಣ್ಣೆದುರಿಗೇ ನಡೆದ ಮೂರು ಘಟನೆಗಳಿಂದ ಪರಿಶೀಲಿಸೋಣ.

ಮೊದಲನೆಯದು 2016ರ ಏಪ್ರಿಲ್ ತಿಂಗಳಿನದು. ಆ ವರ್ಷದ ಫೆಬ್ರವರಿ 10ರಂದು ಕೇಂದ್ರ ಸರ್ಕಾರವು ಭವಿಷ್ಯ ನಿಧಿಯ ನಿಯಮಗಳನ್ನು ಬದಲಿಸಿ ಅಧಿಸೂಚನೆ ಹೊರಡಿಸಿತು. ಅದುವರೆಗೆ ಕೆಲಸ ಬಿಟ್ಟು ಎರಡು ತಿಂಗಳು ನಿರುದ್ಯೋಗಿಯಾಗಿದ್ದವರು ತಮ್ಮ ಪಿ.ಎಫ್. ಹಣವನ್ನು ಪೂರ್ತಿಯಾಗಿ ಹಿಂಪಡೆಯಬಹುದಾಗಿತ್ತು. ಹೊಸ ನಿಯಮದಂತೆ ಮಾಲೀಕರು ಕಟ್ಟಿದ ಪಾಲು 58 ವರ್ಷ ತುಂಬುವವರೆಗೆ ಕೈಗೆ ಸಿಗುವಂತಿರಲಿಲ್ಲ. ದೆಹಲಿಯಲ್ಲಿ ಕುಳಿತವರಿಗೆ ಇದು ವೃದ್ಧಾಪ್ಯದ ರಕ್ಷಣೆಯೆಂದು ತೋರಿರಬಹುದು. ಹೊಲಿಗೆ ಯಂತ್ರದ ಮುಂದೆ ಕುಳಿತ ಹೆಣ್ಣುಮಗಳಿಗೆ ಅದು ಬೇರೆಯಾಗಿಯೇ ಕಂಡಿತು. ಅವಳಲ್ಲಿ ಎಷ್ಟು ಜನ 58ರವರೆಗೆ ಆ ಯಂತ್ರದ ಮುಂದೆ ಕುಳಿತಿರಬಲ್ಲರು? ಮಗಳ ಮದುವೆ, ಮಗನ ಕಾಲೇಜಿನ ಶುಲ್ಕ, ಸಾಲಗಾರನ ಬಡ್ಡಿ, ಹೆರಿಗೆ, ಕಾಯಿಲೆ ಇವೆಲ್ಲಕ್ಕೂ ಅವಳಿಗಿದ್ದ ಒಂದೇ ಗಂಟು ಅದು. ಆ ಗಂಟಿಗೆ ಬೀಗ ಹಾಕುವ ಮುನ್ನ ಅವಳನ್ನು ಕೇಳಿದವರಿಲ್ಲ, ಬೀಗ ಹಾಕಿದ ಮೇಲೆ ವಿವರಿಸಿ ಹೇಳಿದವರೂ ಇಲ್ಲ.

ಏಪ್ರಿಲ್ 18ರ ಸೋಮವಾರ ಬೊಮ್ಮನಹಳ್ಳಿಯ ಬಳಿ ಸಾವಿರಾರು ಕಾರ್ಮಿಕರು, ಅವರಲ್ಲಿ ಬಹುಪಾಲು ಸ್ತ್ರೀಯರು, ಕಾರ್ಖಾನೆಯಿಂದ ಹೊರಬಂದು ಹೊಸೂರು ರಸ್ತೆಯಲ್ಲಿ ಕುಳಿತರು. ಮರುದಿನ ಹೆಬ್ಬಗೋಡಿ, ಜಾಲಹಳ್ಳಿ ಕ್ರಾಸ್, ತುಮಕೂರು ರಸ್ತೆ ಹೀಗೆ ನಗರದ ಎರಡೂ ಬದಿಗೆ ಪ್ರತಿಭಟನೆ ಹಬ್ಬಿತು. ಯಾವ ಸಂಘವೂ ಅವರನ್ನು ಕರೆದಿರಲಿಲ್ಲ, ಯಾವ ನಾಯಕನೂ ಮುಂದೆ ನಿಂತಿರಲಿಲ್ಲ. ಅದೇ 19ರಂದು ಕೇಂದ್ರ ಕಾರ್ಮಿಕ ಸಚಿವರಾಗಿದ್ದ ಬಂಡಾರು ದತ್ತಾತ್ರೇಯ ಅವರು ಮೊದಲು ಅಧಿಸೂಚನೆಯನ್ನು ಜುಲೈ 31ರವರೆಗೆ ತಡೆಹಿಡಿದಿರುವುದಾಗಿ ಹೇಳಿ, ಬಳಿಕ ಅದನ್ನು ಪೂರ್ತಿಯಾಗಿ ಹಿಂತೆಗೆದುಕೊಂಡಿರುವುದಾಗಿ ಘೋಷಿಸಿದರು. ದೇಶದ ಎಲ್ಲ ಪಿ.ಎಫ್. ಸದಸ್ಯರಿಗೂ ಅನ್ವಯಿಸುತ್ತಿದ್ದ ನಿಯಮವೊಂದನ್ನು ಬೆಂಗಳೂರಿನ ಹೊಲಿಗೆಯ ಹೆಣ್ಣುಮಕ್ಕಳು ಎರಡು ದಿನಗಳಲ್ಲಿ ಬದಲಿಸಿಬಿಟ್ಟರು. ಗಾದೆ ಇಲ್ಲಿ ಸೋತಿತು ಎನ್ನಬೇಕು.

ಆದರೆ ಪೂರ್ತಿಯಾಗಿ ಸೋಲಲಿಲ್ಲ. ಆ ಎರಡು ದಿನಗಳಲ್ಲಿ ಬಸ್ಸುಗಳು ಸುಟ್ಟವು. ಹೆಬ್ಬಗೋಡಿಯ ಪೊಲೀಸ್ ಠಾಣೆಯ ಮೇಲೆ ದಾಳಿಯಾಗಿ ಅಲ್ಲಿದ್ದ ವಾಹನಗಳು ಬೂದಿಯಾದವು. ಲಾಠಿ ಬೀಸಿತು, ಅಶ್ರುವಾಯು ಸಿಡಿಯಿತು. ಬೆಂಕಿ ಹಚ್ಚಿದವರು ಕಾರ್ಮಿಕರೋ ಹೊರಗಿನವರೋ ಎಂಬ ವಾದ ಏನೇ ಇರಲಿ, ಮೊಕದ್ದಮೆಗಳು ಬಿದ್ದುದು ಮಾತ್ರ ಬಡವರ ಮನೆಯ ಹುಡುಗರ ಮೇಲೆ. ಸುಟ್ಟ ಬಸ್ಸೂ ಬಡವರು ಹತ್ತುವ ಬಸ್ಸೇ. ಇನ್ನೊಂದು ಮಾತನ್ನೂ ಗಮನಿಸಬೇಕು. ಇಪ್ಪತ್ತನೆಯ ತಾರೀಖು ಬೆಳಗ್ಗೆ ಅವರು ಕಾರ್ಖಾನೆಗೆ ಮರಳಿದಾಗ ಪಿ.ಎಫ್. ಹಣ ಉಳಿದಿತ್ತು, ಆದರೆ ಸೂಪರ್‌ವೈಸರನ ಬೈಗುಳ, ಮುಟ್ಟಲಾಗದ ಟಾರ್ಗೆಟ್, ಶೌಚಾಲಯಕ್ಕೆ ಹೋಗಲೂ ಅಂಜಬೇಕಾದ ಸ್ಥಿತಿ ಇವು ಯಾವುವೂ ಬದಲಾಗಿರಲಿಲ್ಲ. ಇವನ್ನು ಕುಳಿತು ಮಾತನಾಡಲು ಅವರ ಪರವಾಗಿ ಯಾರೂ ಇರಲಿಲ್ಲ. ಕೋಪ ಗೆದ್ದುಕೊಟ್ಟಿತು, ಆದರೆ ಗೆದ್ದದ್ದನ್ನು ಕಾಯುವ ಮನೆಯನ್ನು ಅದು ಕಟ್ಟಿಕೊಡಲಿಲ್ಲ.

ಹಾಗಾದರೆ ದೊಡ್ಡ ಸಂಘಟನೆಯಿದ್ದರೆ ಸಾಕೇ? ಎರಡನೆಯ ಘಟನೆ ಇದಕ್ಕೆ ಉತ್ತರ ನೀಡುತ್ತದೆ. 1980ರ ಡಿಸೆಂಬರ್ 26ರಂದು ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಕಾರ್ಮಿಕರು ಮುಷ್ಕರ ಹೂಡಿದರು. ಎಚ್.ಎ.ಎಲ್., ಬಿ.ಇ.ಎಲ್., ಎಚ್.ಎಂ.ಟಿ., ದೂರವಾಣಿ ನಗರದ ಐ.ಟಿ.ಐ., ಬಿ.ಇ.ಎಂ.ಎಲ್. ಈ ಐದೂ ಕಾರ್ಖಾನೆಗಳ ಸಂಘಗಳು ಜಂಟಿ ರಂಗವೊಂದನ್ನು ಕಟ್ಟಿದ್ದವು. ಭೆಲ್ ಸಂಸ್ಥೆಯ ಕಾರ್ಮಿಕರಿಗೆ ಸಮಾನವಾದ ವೇತನ ಬೇಕೆಂಬುದು ಅವರ ಮುಖ್ಯ ಬೇಡಿಕೆ. ನಾನು ಆಗ ಗುರುಮಠದ ವಿದ್ಯಾರ್ಥಿ. ಕ್ರಿಸ್ತಜಯಂತಿಯ ಮರುದಿನವೇ ಆರಂಭವಾದ ಆ ಮುಷ್ಕರ ತಪಸ್ಸು ಕಾಲದವರೆಗೂ ಎಳೆದುದನ್ನು ಈ ಸಭೆಯಲ್ಲಿರುವ ವೃದ್ಧರು ಮರೆತಿರಲಾರರು. 77 ದಿನ ಸಂಬಳವಿಲ್ಲ. ಅಂಗಡಿಯಲ್ಲಿ ಸಾಲದ ಪುಸ್ತಕ ತುಂಬಿತು, ತಾಳಿಯ ಚಿನ್ನ ಗಿರವಿಗೆ ಹೋಯಿತು. ಮಾರ್ಚ್ 12ಕ್ಕೆ ಮುಷ್ಕರ ಮುಗಿಯಿತು. ಮುಖ್ಯ ಬೇಡಿಕೆ ಈಡೇರಲಿಲ್ಲ.

ಈ ಜನ ಗಾರ್ಮೆಂಟ್ಸ್ ಹೆಣ್ಣುಮಕ್ಕಳಂತೆ ಅನಾಥರಾಗಿರಲಿಲ್ಲ. ಅವರಿಗೆ ಕಾಯಂ ನೌಕರಿಯಿತ್ತು, ಸಂಘವಿತ್ತು, ಓದುಬರಹ ಬಲ್ಲ ನಾಯಕರಿದ್ದರು. ಆದರೂ ಎದುರಾಳಿ ಕೇಂದ್ರ ಸರ್ಕಾರ. ಅದರ ಬೊಕ್ಕಸಕ್ಕೆ 77 ದಿನವೆಂಬುದು ಲೆಕ್ಕಕ್ಕೇ ಬಾರದು. ಕಾರ್ಮಿಕನ ಅಡುಗೆಮನೆಗೆ ಅದು ಒಂದು ಯುಗ. ಸಾಧನ ಕಡಿಮೆಯಿದ್ದವನು ಕಾಯುವ ಪಂದ್ಯಕ್ಕೆ ಇಳಿಯುವ ಮುನ್ನ ತನ್ನ ಹಗೇವಿನಲ್ಲಿ ಎಷ್ಟು ಕಾಳಿದೆ ಎಂದು ನೋಡಿಕೊಳ್ಳಬೇಕು. ಅದೇ 1981ರ ಸೆಪ್ಟೆಂಬರಿನಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಮಾನವ ದುಡಿಮೆಯನ್ನು ಕುರಿತು ಹೊರಡಿಸಿದ ವಿಶ್ವಪತ್ರದಲ್ಲಿ ಮುಷ್ಕರವು ತಕ್ಕ ಮಿತಿಯೊಳಗೆ ನ್ಯಾಯಸಮ್ಮತವೆಂದು ಒಪ್ಪಿದರು. ಆದರೆ ಅದು ಕಟ್ಟಕಡೆಯ ಸಾಧನವೆಂದೂ ಅದರ ದುರುಪಯೋಗ ಸಲ್ಲದೆಂದೂ ಎಚ್ಚರಿಸಿದರು. ಆ ಎಚ್ಚರಿಕೆ ಬಡವರ ಅಡುಗೆಮನೆಯನ್ನು ಬಲ್ಲವರ ಮಾತಾಗಿದೆ.

ಮೂರನೆಯ ಘಟನೆ ಅಷ್ಟಾಗಿ ಸದ್ದು ಮಾಡಲಿಲ್ಲ. ಆದುದರಿಂದಲೇ ಅದನ್ನು ಇಲ್ಲಿ ವಿಸ್ತಾರವಾಗಿ ಹೇಳಬಯಸುತ್ತೇನೆ. ಬೆಲೆಗಳು ಏರಿದಂತೆ ಕನಿಷ್ಠ ವೇತನಕ್ಕೆ ಸೇರಬೇಕಾದ ತುಟ್ಟಿಭತ್ಯೆ 2020ರ ಏಪ್ರಿಲ್‌ನಿಂದ ತಿಂಗಳಿಗೆ 417 ರೂಪಾಯಿ 60 ಪೈಸೆಯಷ್ಟು ಹೆಚ್ಚಾಗಬೇಕಾಗಿತ್ತು. ದಿನಕ್ಕೆ ಹದಿನಾರು ರೂಪಾಯಿ, ಎರಡು ಲೋಟ ಚಹಾದ ಬೆಲೆ. ಸಾಂಕ್ರಾಮಿಕ ರೋಗದ ಕಾರಣ ಹೇಳಿ ರಾಜ್ಯ ಸರ್ಕಾರವು ಅದನ್ನು ಒಂದು ವರ್ಷ ಮುಂದೂಡಿತು. ಕಾರ್ಮಿಕ ಸಂಘಟನೆಗಳು ಹೈಕೋರ್ಟಿನ ಮೊರೆಹೊಕ್ಕವು. ಭತ್ಯೆಯನ್ನು ಬಾಕಿಯೊಡನೆ ಕೊಡಬೇಕೆಂದು 2020ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಹೇಳಿತು. ಆದರೂ ಬಹಳ ಕಾರ್ಖಾನೆಗಳು ಕೊಡಲಿಲ್ಲ.

ಹದಿನಾರು ರೂಪಾಯಿ ಅಲ್ಪವೆಂದು ತೋರಬಹುದು. ಲೆಕ್ಕ ಹಾಕಿ ನೋಡಿ. ಒಬ್ಬಳಿಗೆ ವರ್ಷಕ್ಕೆ 5,011 ರೂಪಾಯಿ. ಕರ್ನಾಟಕದ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಅಂದರೆ ಒಂದು ವರ್ಷಕ್ಕೆ ಸುಮಾರು 200 ಕೋಟಿ ರೂಪಾಯಿ ಬಡವರ ಕೈಯಿಂದ ತಪ್ಪಿಹೋಗುತ್ತಿತ್ತು. ಹನಿಗೂಡಿದರೆ ಹಳ್ಳ ಎಂಬ ಮಾತು ಕಳೆದುಕೊಳ್ಳುವುದರಲ್ಲಿಯೂ ಸತ್ಯವೇ.

ಈ ಲೆಕ್ಕವನ್ನು ಹಿಡಿದು ಹೋರಾಡಿದವರು ಯಾರು? ಈ ಉದ್ಯಮದಲ್ಲಿ ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್, ಕರ್ನಾಟಕ ಗಾರ್ಮೆಂಟ್ ವರ್ಕರ್ಸ್ ಯೂನಿಯನ್, ಗಾರ್ಮೆಂಟ್ ಲೇಬರ್ ಯೂನಿಯನ್ ಮುಂತಾದ ಸಂಘಗಳಿವೆ. ಒಟ್ಟು ಕಾರ್ಮಿಕರಲ್ಲಿ ಇವುಗಳ ಸದಸ್ಯರು ಬಹಳ ಸ್ವಲ್ಪ. ಇಂಥವರ ಕೈಯಲ್ಲಿದ್ದುದು ಸಂಬಳ ಚೀಟಿ, ಸರ್ಕಾರದ ಆದೇಶ, ನ್ಯಾಯಾಲಯದ ಮಾತು ಮತ್ತು ತಾಳ್ಮೆ. ನಮ್ಮ ಊರಿನಲ್ಲಿ ಹೊಲಿದ ಅಂಗಿಯನ್ನು ಕೊಳ್ಳುವವರು ಅಮೆರಿಕ, ಯೂರೋಪುಗಳಲ್ಲಿದ್ದಾರೆಂಬುದನ್ನು ಅರಿತು, ಅಲ್ಲಿನ ಕಾರ್ಮಿಕ ಹಕ್ಕುಗಳ ಸಂಸ್ಥೆಗಳಿಗೂ ದೊಡ್ಡ ಬ್ರ್ಯಾಂಡ್‌ಗಳಿಗೂ ಸುದ್ದಿ ಮುಟ್ಟಿಸಲಾಯಿತು. 2022ರ ಹೊತ್ತಿಗೆ ದೊಡ್ಡ ಕಾರ್ಖಾನೆಗಳು ಬಾಕಿ ತೆರಲು ಒಪ್ಪಿದವು. ಒಂದು ಬಸ್ಸೂ ಸುಡಲಿಲ್ಲ, ಒಬ್ಬ ಹುಡುಗನೂ ಸೆರೆಮನೆ ಕಾಣಲಿಲ್ಲ. ಎರಡು ದಿನದ ಬದಲು ಸುಮಾರು ಎರಡು ವರ್ಷ ಹಿಡಿಯಿತೆಂಬುದೂ ಸತ್ಯ. ಅಷ್ಟರಲ್ಲಿ ಕೆಲಸ ಬಿಟ್ಟುಹೋದವರಿಗೆ ಬಾಕಿ ಮುಟ್ಟಿಸುವುದು ಕಷ್ಟವೆಂಬುದೂ ಸತ್ಯ. ಆದರೆ ಈ ದಾರಿಯಲ್ಲಿ ನಡೆದವರಿಗೆ ಹಣದೊಡನೆ ಇನ್ನೊಂದು ಸಂಪತ್ತು ದೊರೆಯಿತು. ಮುಂದಿನ ಸಲ ಯಾರ ಬಳಿ ಹೋಗಬೇಕು, ಯಾವ ಕಾಗದ ಬೇಕು ಎಂದು ಅವರಿಗೆ ಗೊತ್ತಾಯಿತು.

ಮಹನೀಯರೇ, ಈ ಮೂರನ್ನೂ ತೂಗಿ ನೋಡಿದಾಗ ನನಗೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಹೊರಗಿನ ಬಲಿಷ್ಠನೆದುರು ಬಡವರ ಆಯುಧಗಳು ಮೂರೇ: ಸಂಖ್ಯೆ, ದಾಖಲೆ ಮತ್ತು ಸಹನೆ. ಈ ಮೂರೂ ಒಳಗಿನ ನಂಬಿಕೆಯ ಮೇಲೆ ನಿಂತಿವೆ. ಒಬ್ಬರನ್ನೊಬ್ಬರು ನಂಬದವರು ಎಷ್ಟೇ ಮಂದಿಯಿದ್ದರೂ ಅದು ಜಾತ್ರೆ, ಸಮೂಹವಲ್ಲ. ಇಬ್ಬರ ಜಗಳ ಮೂರನೆಯವನಿಗೆ ಲಾಭ. ಆ ಮೂರನೆಯವನು ನಮ್ಮನ್ನು ಒಡೆಯಲು ಖರ್ಚು ಮಾಡಬೇಕಾಗಿಯೇ ಇಲ್ಲ, ನಾವು ಬಿಟ್ಟಿಯಾಗಿ ಒಡೆದುಕೊಡುತ್ತೇವೆ. ಆದುದರಿಂದ ಹೊರಗಿನ ನ್ಯಾಯಕ್ಕೆ ಹೊರಡುವ ಸಮೂಹ ಒಳಗಿನ ಜಗಳಕ್ಕೆ ಒಂದು ಕ್ರಮವನ್ನು ಮೊದಲೇ ಕಟ್ಟಿಕೊಂಡಿರಬೇಕು. ಜಗಳ ಬಂದ ಮೇಲೆ ಕ್ರಮ ಹುಡುಕುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

ಇಂಥ ಕ್ರಮದ ಅತ್ಯುತ್ತಮ ನಿದರ್ಶನ ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯದಲ್ಲಿದೆ. ಜೆರುಸಲೇಮಿನ ಆದಿ ಕ್ರೈಸ್ತ ಸಮುದಾಯ ಬಡ ಸಮುದಾಯ. ಇದ್ದುದನ್ನು ಹಂಚಿಕೊಂಡು ಉಣ್ಣುತ್ತಿದ್ದವರು. ಅಲ್ಲಿ ಜಗಳ ಹುಟ್ಟಿದ್ದು ಭಾಷೆಯ ಗೆರೆಯ ಮೇಲೆ. ದಿನದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆಯೆಂದು ಗ್ರೀಕ್ ಮಾತನಾಡುವವರು ಗೊಣಗಿದರು. ಪ್ರೇಷಿತರು ಗೊಣಗಿದವರ ಬಾಯಿ ಮುಚ್ಚಿಸಲಿಲ್ಲ. ಎಲ್ಲರನ್ನೂ ಸಭೆ ಸೇರಿಸಿ, ಏಳು ಮಂದಿಯನ್ನು ನೀವೇ ಆರಿಸಿರೆಂದು ಜನರಿಗೇ ಬಿಟ್ಟರು. ಆರಿಸಲ್ಪಟ್ಟ ಏಳು ಹೆಸರುಗಳನ್ನು ಗಮನಿಸಿ: ಸ್ತೇಫನನಿಂದ ನಿಕೊಲಾಸನವರೆಗೆ ಏಳೂ ಗ್ರೀಕ್ ಹೆಸರುಗಳು. ಅಂದರೆ ಯಾರು ದೂರಿದ್ದರೋ ಅವರ ಕಡೆಯವರ ಕೈಗೇ ಸೌಟನ್ನೂ ಲೆಕ್ಕವನ್ನೂ ಕೊಡಲಾಯಿತು. ಹೆಚ್ಚಿನ ಸಂಖ್ಯೆಯವರು ಕಡಿಮೆ ಸಂಖ್ಯೆಯವರನ್ನು ಹೀಗೆ ನಂಬಿದುದರಿಂದ ಸಮುದಾಯ ಒಡೆಯಲಿಲ್ಲ, ಬೆಳೆಯಿತು. ನಮ್ಮ ದೇಶದ 1926ರ ಕಾರ್ಮಿಕ ಸಂಘಗಳ ಕಾಯಿದೆಯೂ ಸಂಘದ ನೋಂದಣಿಗೆ ಕನಿಷ್ಠ ಏಳು ಮಂದಿಯ ಸಹಿಯನ್ನೇ ಕೇಳಿತ್ತೆಂಬುದು ಒಂದು ಚೆಲುವಾದ ಕಾಕತಾಳೀಯ.

ಇಂದು ನಮ್ಮ ನಡುವಿನ ಆ ವಿಧವೆಯರು ಯಾರು? ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ಈಚಿನ ವರ್ಷಗಳಲ್ಲಿ ಒಡಿಶಾ, ಜಾರ್ಖಂಡ್, ಅಸ್ಸಾಂಗಳಿಂದ ಎಳೆಯ ಹೆಣ್ಣುಮಕ್ಕಳು ಬರುತ್ತಿದ್ದಾರೆ. ಹಾಸ್ಟೆಲಿನಲ್ಲಿ ವಾಸ, ಹಾಸ್ಟೆಲಿನಿಂದ ಯಂತ್ರಕ್ಕೆ, ಯಂತ್ರದಿಂದ ಹಾಸ್ಟೆಲಿಗೆ. ಅವರಲ್ಲಿ ಸಾದ್ರಿ ಭಾಷೆಯಲ್ಲಿ ಜಪಮಾಲೆ ಹೇಳುವ ಕಥೋಲಿಕರೂ ಇದ್ದಾರೆ. ಭಾನುವಾರದ ಬಲಿಪೂಜೆಯಲ್ಲಿ ಹಿಂದಿನ ಸಾಲಿನಲ್ಲಿ ನಿಲ್ಲುವ ಆ ಮಕ್ಕಳನ್ನು ನೀವೂ ಕಂಡಿದ್ದೀರಿ. ಇವರು ಬಂದುದರಿಂದಲೇ ನಮ್ಮ ಸಂಬಳ ಏರುತ್ತಿಲ್ಲವೆಂದು ನಮ್ಮ ತಾಯಂದಿರು ನನ್ನ ಬಳಿ ದುಃಖ ತೋಡಿಕೊಂಡಿದ್ದಾರೆ. ಆ ದುಃಖ ಹುಸಿಯಲ್ಲ. ಬದಲಿ ಕೈಗಳು ಸಿಕ್ಕಾಗ ಇದ್ದ ಕೈಗಳ ಬೆಲೆ ಇಳಿಯುತ್ತದೆ. ಆದರೆ 417 ರೂಪಾಯಿ ತಪ್ಪಿದ್ದು ಇಬ್ಬರಿಗೂ. ಕನ್ನಡದವಳಿಗೆ ಹೆಚ್ಚು, ಜಾರ್ಖಂಡಿನವಳಿಗೆ ಕಡಿಮೆ ಎಂಬ ಭೇದ ಅಲ್ಲಿರಲಿಲ್ಲ. ಸ್ಥಳೀಯರ ಹೋರಾಟದ ಮಾತು ಅವಳಿಗೆ ಅರ್ಥವಾಗುವ ಭಾಷೆಯಲ್ಲಿ ತಲುಪದಿದ್ದರೆ ಮರುದಿನ ಯಂತ್ರದ ಮುಂದೆ ಕೂರಿಸಲು ಅವಳೇ ಸಿಗುತ್ತಾಳೆ. ತಪ್ಪು ಅವಳದಾಗಿರುವುದಿಲ್ಲ.

ಕನ್ನಡ ಈ ನೆಲದ ಭಾಷೆ, ನನ್ನ ಪ್ರಾರ್ಥನೆಯ ಭಾಷೆ. ಬಂದವರು ಅದನ್ನು ಕಲಿಯಬೇಕು, ಕಲಿಸುವ ಹೊಣೆ ನಮ್ಮದು. ಪೂಜೆಯ ವೇಳೆ ಯಾವ ಭಾಷೆಗೆ ಎಷ್ಟು ಎಂಬ ವಾಗ್ವಾದದಲ್ಲಿ ನಮ್ಮ ಧರ್ಮಪ್ರಾಂತ್ಯದ ಜನ ಬಹಳ ವರ್ಷಗಳನ್ನೂ ಬಹಳ ಸ್ನೇಹವನ್ನೂ ವ್ಯಯಿಸಿದ್ದಾರೆ. ಜೆರುಸಲೇಮಿನ ಮಾರ್ಗ ನಮಗೆ ಕಲಿಸುವುದು ಇಷ್ಟೇ: ದೂರನ್ನು ಬಾಗಿಲ ಹೊರಗೆ ಪಿಸುಗುಟ್ಟಲು ಬಿಡದೆ ಸಭೆಯೊಳಗೆ ಗಟ್ಟಿಯಾಗಿ ಹೇಳಿಸಬೇಕು, ದೂರಿದವರಿಗೆ ಹೊಣೆಯಲ್ಲಿ ಪಾಲು ಕೊಡಬೇಕು.

ಕಾಲವೂ ಬದಲಾಗಿದೆ. 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿದೆ. ಅದರ ಪ್ರಕಾರ 14 ದಿನಗಳ ಮುನ್ಸೂಚನೆಯಿಲ್ಲದೆ ಮುಷ್ಕರ ಹೂಡುವಂತಿಲ್ಲ. ಅರ್ಧದಷ್ಟು ಕಾರ್ಮಿಕರು ಮಾತನಾಡಿಕೊಂಡು ಒಂದೇ ದಿನ ರಜೆ ಹಾಕಿದರೂ ಅದು ಮುಷ್ಕರವೇ. ಕಾರ್ಮಿಕ ಸಂಘಟನೆಗಳು ಇದನ್ನು ವಿರೋಧಿಸಿವೆ. ಆ ವಿರೋಧದಲ್ಲಿ ಅರ್ಥವಿದೆ. 2016ರ ಏಪ್ರಿಲ್ 18ರಂತೆ ಯಂತ್ರ ನಿಲ್ಲಿಸಿ ಹೊರಬರುವ ದಾರಿ ಇನ್ನು ಮುಂದೆ ಇನ್ನೂ ಕಿರಿದು. ಅದೇ ಸಂಹಿತೆಯಲ್ಲಿ ಇನ್ನೊಂದು ಬಾಗಿಲೂ ಇದೆ: ಇಪ್ಪತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು, ಅದರಲ್ಲಿ ಮಾಲೀಕರ ಕಡೆಯವರೂ ಕಾರ್ಮಿಕರ ಕಡೆಯವರೂ ಸಮಸಂಖ್ಯೆಯಲ್ಲಿರಬೇಕು, ಸ್ತ್ರೀಯರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನವಿರಬೇಕು. ಆ ಕುರ್ಚಿಯಲ್ಲಿ ಮೇಲಿನವರಿಗೆ ಬೇಕಾದವಳು ಕೂರುತ್ತಾಳೋ ನಿಮ್ಮ ವಿಶ್ವಾಸ ಗಳಿಸಿದವಳು ಕೂರುತ್ತಾಳೋ ಎಂಬುದು ನಿಮ್ಮ ಒಳಗಿನ ಒಮ್ಮತವನ್ನು ಅವಲಂಬಿಸಿದೆ.

ಕೊನೆಯದಾಗಿ ಧರ್ಮಕೇಂದ್ರದ ಶ್ರಮಿಕ ಬಳಗಕ್ಕೂ ಸ್ವಸಹಾಯ ಸಂಘಗಳಿಗೂ ನಾಲ್ಕು ಅಭ್ಯಾಸಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ. ಮೊದಲನೆಯದು, ಹಣ ಎಷ್ಟೇ ಸಣ್ಣದಿರಲಿ, ತಿಂಗಳಿಗೊಮ್ಮೆ ಎಲ್ಲರ ಮುಂದೆ ಲೆಕ್ಕವನ್ನು ಗಟ್ಟಿಯಾಗಿ ಓದಬೇಕು. ಬಡವರ ಸಂಘಗಳು ಅನೇಕ ಸಲ ಒಡೆದುಹೋಗುವುದು ಲೆಕ್ಕದ ಮೇಲಿನ ಸಂಶಯದಿಂದ. ಎರಡನೆಯದು, ಒಬ್ಬರ ಮೇಲೆ ದೂರಿದ್ದರೆ ಮೊದಲು ಅವರೊಡನೆ ಏಕಾಂತದಲ್ಲಿ, ಬಗೆಹರಿಯದಿದ್ದರೆ ಇಬ್ಬರು ಮೂವರ ಮುಂದೆ, ಆಗಲೂ ಆಗದಿದ್ದರೆ ಸಭೆಯಲ್ಲಿ ಮಾತನಾಡಬೇಕು. ಪ್ರಭು ಯೇಸುವೇ ಹಾಕಿಕೊಟ್ಟ ಮೆಟ್ಟಿಲುಗಳಿವು. ಮೂರನೆಯದು, ಪ್ರತಿಯೊಬ್ಬರೂ ಸಂಬಳ ಚೀಟಿಯನ್ನು ಜೋಪಾನವಾಗಿಟ್ಟು ಪಿ.ಎಫ್. ಪಾಸ್‌ಬುಕ್ಕನ್ನು ಓದಲು ಕಲಿಯಬೇಕು. ಓದು ಬಾರದವರಿಗೆ ಭಾನುವಾರದ ಪೂಜೆಯ ಬಳಿಕ ನಮ್ಮ ಯುವಕರು ಈ ಸಭಾಂಗಣದಲ್ಲಿಯೇ ಓದಿ ಹೇಳಲಿ. ನಾಲ್ಕನೆಯದು, ಪ್ರತಿ ಸಭೆಯಲ್ಲಿಯೂ ಹಾಸ್ಟೆಲಿನಿಂದ ಬಂದ ಒಬ್ಬಳಾದರೂ ಮಾತನಾಡಬೇಕು. ಅವಳ ಮಾತನ್ನು ಕನ್ನಡಕ್ಕೆ ತಿಳಿಸಿ ಹೇಳುವವರು ಪಕ್ಕದಲ್ಲಿರಬೇಕು.

ಇವು ಸಣ್ಣ ಕೆಲಸಗಳು. ಹಣ ಬೇಕಾಗಿಲ್ಲ, ಯಾರ ಅಪ್ಪಣೆಯೂ ಬೇಕಾಗಿಲ್ಲ. ಬಡವನ ಕೋಪ ದವಡೆಗೆ ಮೂಲವೆಂಬ ಗಾದೆ ಒಬ್ಬಂಟಿಯಾಗಿ ಕೋಪಗೊಂಡವನಿಗೆ ಹೇಳಿದ್ದು. ಲೆಕ್ಕ ತೆರೆದಿಟ್ಟುಕೊಂಡು, ಒಬ್ಬರ ದೂರನ್ನೊಬ್ಬರು ಆಲಿಸಿ, ಬಳಿಕ ಎದ್ದುನಿಂತ ಬಡವರ ವಿಷಯದಲ್ಲಿ ಆ ಗಾದೆ ಸುಳ್ಳಾಗುತ್ತದೆ. ಬರುವ ಭಾನುವಾರ ಎರಡನೆಯ ಪೂಜೆಯ ಬಳಿಕ ಬಳಗದ ಸಭೆಯಿದೆ. ಸಂಬಳ ಚೀಟಿಯನ್ನು ತನ್ನಿರಿ, ಪಕ್ಕದ ಯಂತ್ರದವಳನ್ನೂ ಕರೆತನ್ನಿರಿ.

ಶ್ರಮಿಕ ಸಂತ ಜೋಸೆಫರು ನಿಮ್ಮ ಕೈಗಳನ್ನೂ ನಿಮ್ಮ ಕೂಟವನ್ನೂ ಕಾಪಾಡಲಿ ಎಂದು ಪ್ರಾರ್ಥಿಸುತ್ತೇನೆ.